ಬಸ್ಸಿನ ಗುಳಗಿ

ನಮ್ಮ ಸುರಪುರದ ಆಸ್ಪತ್ರೆಯಲ್ಲಿ ಬಳೆ ಒಡೆದು ಆದ ಗಾಯ ವೈದ್ಯರ ಮೇಜಿನವರೆಗೆ ಬರುವುದು ಅಪರೂಪ. ಸಿಸ್ಟರೇ ಗಾಜಿನ ಚೂರು ತೆಗೆದು, ಒರೆಸಿ, ಪಟ್ಟಿ ಕಟ್ಟಿ ಕಳಿಸಿಬಿಡುತ್ತಾರೆ. ಅವತ್ತು ಮಾತ್ರ ಬಾಗಿಲಲ್ಲಿ ನಿಂತು, "ಮೇಡಂ, ಹೊಲಿಗಿ ಬೇಕಾಗ್ತಾವ ನೋಡ್ರಿ" ಎಂದರು. ಜೊತೆಯ ವೈದ್ಯರು ದೀರ್ಘ ರಜೆಯಲ್ಲಿದ್ದ ಕಾಲ ಅದು. ಜ್ವರ, ಬಿಪಿ, ಸಕ್ಕರೆ, ಚೇಳು, ಹಾವು, ಕುಡಿದು ಬಿದ್ದವರು, ಕುಡಿಯದೆ ಬಿದ್ದವರು, ಎಲ್ಲರೂ ನನ್ನ ಪಾಲಿಗೇ. ರೋಗಿಗಳ ಸಾಲು ವರಾಂಡ ದಾಟಿ ಬೇವಿನ ಮರದ ನೆರಳು ಮುಟ್ಟಿತ್ತು. ಬೇಸರ ಮುಖದಲ್ಲಿ ಕಾಣಬಾರದೆಂದು ನಾನು ಮಾಸ್ಕ್ ಹಾಕಿಕೊಳ್ಳುವುದು ರೂಢಿಯಾಗಿತ್ತು.

ಗಾಯವಾದವಳು ರಂಗಂಪೇಟೆಯ ಒಬ್ಬ ಶಾಲಾ ಶಿಕ್ಷಕಿ, ತುಂಬಿದ ಬಸುರಿ. ಮನೆಯಲ್ಲಿ ಕುಬಸ ನಡೆದಿತ್ತು, ನಮ್ಮ ಕಡೆ ಸೀಮಂತಕ್ಕೆ ಹಾಗೆನ್ನುತ್ತಾರೆ. ಹಸಿರು ಬಳೆ ಏರಿಸುವಾಗ ಒಂದು ಬಳೆ ಒಡೆದು ಮಣಿಕಟ್ಟಿನ ಒಳಭಾಗ ಕತ್ತರಿಸಿತ್ತು. ಅವಳ ಹಿಂದೆಯೇ ಬಳೆ ಹಾಕಿದವಳು ಬಂದಿದ್ದಳು. ಅರವತ್ತು ದಾಟಿದ ಹೆಂಗಸು. ಊರಿನ ಹಿಂದೂಗಳೂ ಮುಸಲ್ಮಾನರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮನೆಯೊಳಗೆ ಅವಳ ಮಾತು ದಖ್ಖನಿ ಉರ್ದು, ಹೊರಗೆ ಕನ್ನಡ.

"ಖಾಲಾದು ತಪ್ಪಿಲ್ರಿ, ನಾನೇ ಕೈ ಜಗ್ಗಿಕೊಂಡೆ" ಎಂದಳು ಶಿಕ್ಷಕಿ, ನಾನು ಕೇಳುವ ಮೊದಲೇ.

"ಸುಳ್ಳು ಹೇಳಬ್ಯಾಡ ಬೇಟಿ" ಎಂದಳು ಖಾಲಾ. "ನನ್ನ ಕೈ ನಡುಗಿತು. ಇಕಿ ಅವ್ವಗೂ ನಾನೇ ಕುಬಸದ ಬಳಿ ಹಾಕೀನ್ರಿ. ಒಂದು ಹನಿ ರಕ್ತ ಬಂದಿದ್ದಿಲ್ಲ. ಈಗ ಇಕಿ ಅತ್ತಿ ಅಂತಾಳ, ಕುಬಸದ ದಿನ ನೆತ್ತರ ಹರಿಸಿದಿ, ಇನ್ನ ನಮ್ಮ ಓಣ್ಯಾಗ ಕಾಲಿಡಬ್ಯಾಡ ಅಂತ."

ಮಾತಿನಲ್ಲಿ ಅಳು ಇತ್ತು, ಮುಖದಲ್ಲಿ ಇರಲಿಲ್ಲ. ಹೊಲಿಗೆ ಹಾಕುತ್ತಲೇ ನಾನು ಅದನ್ನು ಗಮನಿಸಿದೆ. ಕಣ್ಣು ರೆಪ್ಪೆ ಬಡಿಯುತ್ತಿದ್ದುದೇ ಕಡಿಮೆ. ತೊಡೆಯ ಮೇಲಿದ್ದ ಎರಡೂ ಕೈಗಳ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿದ್ದವು, ಚಿಟಿಕೆ ಅರಿಶಿನ ಉದುರಿಸುವಂತೆ. ಹೊಲಿಗೆ ಮುಗಿಸಿ ಆಕೆಯ ಮೊಣಕೈ ಹಿಡಿದು ಮಡಿಸಿ ನೋಡಿದರೆ ಹಳೆಯ ಬಾಗಿಲಿನಂತೆ ತಡೆದು ತಡೆದು ಬಂತು. ನಡೆಸಿ ನೋಡಿದೆ. ಸಣ್ಣ ಹೆಜ್ಜೆ, ಕೈಗಳು ಮೈಗೆ ಅಂಟಿಕೊಂಡಂತೆ, ಬೀಸುವುದೇ ಇಲ್ಲ.

ಖಾಲಾನ ಜೊತೆಗಿದ್ದ ಅವಳ ಸೊಸೆ ಮುಂದೆ ಬಂದಳು. "ಕಲಬುರಗಿಗೆ ತೋರಿಸೀವ್ರಿ. ನರದ ಡಾಕ್ಟರು ಪಾರ್ಕಿನ್ಸನ್ ಅಂದಾರ. ಗುಳಗಿ ಶುರು ಮಾಡ್ಯಾರ. ಏನೂ ಫರಕ್ ಇಲ್ಲ."

"ಬ್ಯಾರೆ ಔಷಧ ಏನರ ತಗೋತಾರಾ?"

"ಏನೂ ಇಲ್ರಿ. ಬಿಪಿ ಇಲ್ಲ, ಶುಗರ್ ಇಲ್ಲ. ತಲಿನೋವಿಗೂ ಗುಳಗಿ ನುಂಗಂಗಿಲ್ಲ ನಮ್ಮ ಅತ್ತಿ."

ಖಾಲಾ ಹೌದೆಂದು ತಲೆಯಾಡಿಸಿದಳು. ನನಗೆ ಒಂದು ವಿಷಯ ಕೊರೆಯುತ್ತಿತ್ತು. ಈ ಕಾಯಿಲೆ ಸಾಮಾನ್ಯವಾಗಿ ಒಂದು ಬದಿಯಲ್ಲಿ ಶುರುವಾಗಿ ನಿಧಾನಕ್ಕೆ ಇನ್ನೊಂದು ಬದಿಗೆ ಬರುತ್ತದೆ. ಈಕೆಗೆ ಎರಡೂ ಕೈ ಒಟ್ಟಿಗೇ ಕೆಟ್ಟಿದ್ದವು, ಅದೂ ಬೇಗ. ಆದರೆ ಔಷಧ ಏನೂ ಇಲ್ಲ ಎಂದ ಮೇಲೆ ಮುಂದೆ ಏನು ಕೇಳುವುದು? ಹೊರಗೆ ಯಾರದೋ ಮಗು ಚೀರುತ್ತಿತ್ತು.

ಹೋಗುವಾಗ ಖಾಲಾ ಬಾಗಿಲಲ್ಲಿ ನಿಂತು ಕೇಳಿದಳು: "ಡಾಕ್ಟರ್ ಬಾಯಿ, ಬಳಿ ಹಾಕೋದು ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ಲ. ಈ ಕೈ ಹೋದ್ರ ನಾ ಏನ್ ಮಾಡ್ಲಿ?"

ನೋಡೋಣ ಎಂದೆ. ವೈದ್ಯರು ಬೇರೇನೂ ತೋಚದಾಗ ಹೇಳುವ ಮಾತು ಅದು.

ಕೆಲವು ದಿನಗಳ ನಂತರ ನನಗೆ ಯಾದಗಿರಿಯಲ್ಲಿ ಸಭೆ ಇತ್ತು. ಜೀಪು ಕೆಟ್ಟು ನಿಂತಿದ್ದರಿಂದ ಬಸ್ಸೇ ಗತಿ. ನನಗೆ ಚಿಕ್ಕಂದಿನಿಂದ ಬಸ್ಸು ಆಗಿಬರುವುದಿಲ್ಲ, ಹತ್ತುವ ಮೊದಲೇ ಬಾಯಲ್ಲಿ ನೀರೂರುತ್ತದೆ. ಸುರಪುರದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಖಾಲಾ, ಸೊಸೆ, ಮಧ್ಯದಲ್ಲಿ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಬಳೆಯ ಗಂಟು, ಮಲಾರ. ಕೈಗೆ ಏರಿಸುವ ಧೈರ್ಯ ಹೋದ ಮೇಲೆ ಆಕೆ ಡಜನ್ ಕಟ್ಟಿ ಮಾರುವುದನ್ನಷ್ಟೇ ಇಟ್ಟುಕೊಂಡಿದ್ದಳು. ಶಹಾಪುರ, ವಡಗೇರಾ, ವನದುರ್ಗ, ದಿನಕ್ಕೊಂದು ಊರು.

ನನ್ನ ಮುಖ ನೋಡಿದ್ದೇ ತಡ, ಪಕ್ಕದಲ್ಲಿ ಕೂರಿಸಿಕೊಂಡಳು. "ಬಸ್ ಆಗಂಗಿಲ್ಲೇನ್ರಿ ನಿಮಗ? ಮುಖ ನೋಡಿದ್ರ ಗೊತ್ತಾಗ್ತದ." ಸೊಂಟದ ಚಂಚಿ ಬಿಚ್ಚಿದಳು. ಅಡಿಕೆ, ಸುಣ್ಣದ ಡಬ್ಬಿ, ತಂಬಾಕು. ಅವುಗಳ ನಡುವಿನಿಂದ ಕತ್ತರಿಸಿದ ಗುಳಿಗೆಯ ಪಟ್ಟಿ ಹೊರಬಂತು. ಒಂದು ತನ್ನ ಬಾಯಿಗೆ, ಇನ್ನೊಂದು ನನ್ನ ಅಂಗೈಗೆ. "ತಗೋರಿ. ಶಹಾಪುರ ಬರೋತನ ಹೊಟ್ಟಿ ಗಪ್ ಇರ್ತದ."

ನಾನು ಅಂಗೈಯನ್ನೇ ನೋಡುತ್ತ ಕುಳಿತೆ.

"ಏನಿದು ಖಾಲಾ?"

"ಬಸ್ಸಿನ ಗುಳಗಿರಿ."

"ದಿನಾ ತಗೋತೀರಾ?"

"ದಿನಾ ಯಾಕ ತಗೊಳ್ಲಿ? ಬಸ್ ಹತ್ತಿದಾಗ ಅಷ್ಟೇ."

"ಬಸ್ ಯಾವಾಗ ಹತ್ತತೀರಿ?"

"ದಿನಾ" ಎಂದಳು ಖಾಲಾ. ಆಮೇಲೆ ಪ್ರಾಮಾಣಿಕವಾಗಿ ತಿದ್ದಿಕೊಂಡಳು: "ಜುಮ್ಮಾ ಬಿಟ್ಟು."

ಪಟ್ಟಿಯ ಮೇಲೆ ಹೆಸರು ಅರ್ಧ ಉಳಿದಿತ್ತು. ಸಿನ್ನಾರಿಜಿನ್. ತಲೆಸುತ್ತಿಗೂ ಪ್ರಯಾಣದ ವಾಂತಿಗೂ ಎಲ್ಲರೂ ಕೊಡುವ ಗುಳಿಗೆ, ನಾನೂ ಬರೆಯುತ್ತೇನೆ. ಕೆಲವು ದಿನಕ್ಕೆ ನುಂಗಿದರೆ ಒಳ್ಳೆಯ ಔಷಧವೇ, ಸ್ವಲ್ಪ ನಿದ್ದೆ ತರುತ್ತದೆ ಅಷ್ಟೆ. ವಯಸ್ಸಾದವರು ವರ್ಷಗಟ್ಟಲೆ ನುಂಗಿದರೆ ಬೇರೆ ಕತೆ. ಕೈಕಾಲಿನ ಚಲನೆಯನ್ನು ಸರಾಗವಾಗಿಡುವ ರಾಸಾಯನಿಕವೊಂದು ಮಿದುಳಿನಲ್ಲಿದೆ. ಈ ಗುಳಿಗೆ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಆಗ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಮುಖ ಕಲ್ಲಾಗುತ್ತದೆ. ನೋಡಿದವರು ಪಾರ್ಕಿನ್ಸನ್ ಎನ್ನುತ್ತಾರೆ.

ಎಷ್ಟು ವರ್ಷದಿಂದ ಎಂದು ಕೇಳಿದೆ.

"ನಮ್ಮವರು ತೀರಿಹೋದ ಮ್ಯಾಲಿಂದ. ಮೊದಲು ಅವರೇ ಸೈಕಲ್ಲಿಗೆ ಮಲಾರ ಕಟಗೊಂಡು ಹಳ್ಳಿ ತಿರುಗ್ತಿದ್ರು, ನಾ ಊರಾಗ ಹಾಕ್ತಿದ್ದೆ. ಅವರು ಹೋದ ಮ್ಯಾಲ ನಾ ಬಸ್ ಹತ್ತಿದೆ. ಹೋಗಾಕೊಂದು, ಬರಾಕೊಂದು ಗುಳಗಿ."

"ಮನ್ಯಾಗಿದ್ದಾಗ?"

"ಮೊದಲು ಇರಲಿಲ್ಲ. ಕಲಬುರಗಿ ಗುಳಗಿ ಶುರುವಾದಾಗಿಂದ ಮನ್ಯಾಗೂ ಬಸ್ಸಿನಾಗ ಕುಂತಂಗೇ ಹೊಟ್ಟಿ ತೊಳಸ್ತದ. ಅದಕ್ಕ ಇದನ್ನ ಒಂದು ಹಾಕ್ಕೊತೀನಿ."

ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಬಸ್ಸಿನ ಗುಳಿಗೆಯಿಂದ ನಡುಕ, ನಡುಕಕ್ಕೆ ನರದ ಗುಳಿಗೆ, ಅದರಿಂದ ವಾಕರಿಕೆ, ವಾಕರಿಕೆಗೆ ಮತ್ತೆ ಅದೇ ಬಸ್ಸಿನ ಗುಳಿಗೆ. ಗಾಣ ಸುತ್ತಿದಂತೆ ಸುತ್ತುತ್ತಿತ್ತು.

"ಅವತ್ತು ಔಷಧ ಏನೂ ಇಲ್ಲ ಅಂದ್ರಲ್ಲ ಖಾಲಾ!" ಎಂದೆ. ದನಿ ಏರಿತ್ತು, ಪಕ್ಕದವರು ತಿರುಗಿ ನೋಡಿದರು.

ಆಕೆಗೆ ನಿಜಕ್ಕೂ ಆಶ್ಚರ್ಯ. "ಇದು ಔಷಧೇನ್ರಿ? ನನಗ ಏನ್ ಬ್ಯಾನಿ ಅದ? ಬಸ್ ಹತ್ತಬೇಕಂದ್ರ ಟಿಕೀಟ್ ತಗೋಬೇಕು, ಇದನ್ನ ತಗೋಬೇಕು."

ಸೊಸೆಯೂ ಅಷ್ಟೇ ಆಶ್ಚರ್ಯದಿಂದ ನನ್ನನ್ನು ನೋಡುತ್ತಿದ್ದಳು. ಅವರಿಬ್ಬರೂ ಸುಳ್ಳು ಹೇಳಿರಲಿಲ್ಲ. ಬೇನೆಗೆ ನುಂಗುವುದು ಔಷಧ, ಬಸ್ಸಿಗೆ ನುಂಗುವುದು ಬಸ್ಸಿನ ಖರ್ಚು. ನಾವು ಕೇಳುವ ಪ್ರಶ್ನೆಗೆ ಅದು ಸಿಕ್ಕುವುದು ಹೇಗೆ?

ಯಾದಗಿರಿಯಲ್ಲಿ ಊಟದ ಬಿಡುವಿನಲ್ಲಿ ಕಲಬುರಗಿಯ ನರತಜ್ಞರಿಗೆ ಫೋನ್ ಮಾಡಿದೆ. "ನಾನೂ ಕೇಳಿದ್ದೆ ಮೇಡಂ, ಇಲ್ಲ ಅಂದಿದ್ರು" ಎಂದರು. ಆಮೇಲೆ ಕೆಲಸದ ಮಾತು. ಬಸ್ಸಿನ ಗುಳಿಗೆ ಪೂರ್ತಿ ನಿಲ್ಲಲಿ. ನರದ ಗುಳಿಗೆ ಒಮ್ಮೆಲೇ ನಿಲ್ಲಿಸುವುದು ಬೇಡ, ನಾನು ಹೇಳಿದಂತೆ ಹಂತಹಂತವಾಗಿ ಇಳಿಸೋಣ. "ಆದ್ರ ಒಂದು ಮಾತು. ಗುಳಗಿಯಿಂದ್ಲೇ ಬಂದಿದ್ರ ತಿಂಗಳುಗಟ್ಟಲೆ ಹಿಡಿದ್ರೂ ಇಳೀತದ. ಒಳಗ ಬ್ಯಾನಿ ಮೊದ್ಲೇ ಇದ್ದು, ಗುಳಗಿ ಅದನ್ನ ಹೊರಗ ಹಾಕಿದ್ರ ಇಳಿಯಂಗಿಲ್ಲ. ಯಾವುದು ಅಂತ ಕಾದೇ ನೋಡಬೇಕು."

ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ಗುಳಿಗೆ ಬಿಡಿ ಎನ್ನುವುದು ಸುಲಭ. ಬಿಟ್ಟ ಮೂರನೆಯ ದಿನಕ್ಕೆ ಖಾಲಾ ಗೋಡೆ ಹಿಡಿದು ಬಂದಳು. ಹಾಸಿಗೆಯಲ್ಲಿ ಮಗ್ಗುಲಾದರೆ ಮನೆ ಗಿರಗಿರ ತಿರುಗುತ್ತದೆ, ಮೇಲಿನ ಗೂಟಕ್ಕೆ ತೂಗುಹಾಕಿದ ಬಳೆ ಸರ ನೋಡಲು ತಲೆಯೆತ್ತಿದರೆ ಬೀಳುವಂತಾಗುತ್ತದೆ. ಇದು ಬಸ್ಸಿನ ತೊಂದರೆಯಲ್ಲ, ಬೇರೆಯದೇ. ಇಷ್ಟು ವರ್ಷ ಗುಳಿಗೆಯ ಕೆಳಗೆ ಮುಚ್ಚಿಹೋಗಿತ್ತು.

ಕುತ್ತಿಗೆಯಲ್ಲಿ ನೋವಿಲ್ಲ ಎಂದು ಖಚಿತ ಮಾಡಿಕೊಂಡು ಮಂಚದ ಮೇಲೆ ಕಾಲು ನೀಡಿಸಿ ಕೂರಿಸಿದೆ. ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ, ಹಿಡಿದುಕೊಂಡೇ ಬೇಗನೆ ಹಿಂದಕ್ಕೆ ಮಲಗಿಸಿದೆ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ. "ಕಣ್ಣು ಮುಚ್ಚಬ್ಯಾಡ್ರಿ ಖಾಲಾ." ಕ್ಷಣ ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಸುತ್ತುತ್ತ ಹೊಡೆದುಕೊಳ್ಳತೊಡಗಿದವು. "ಯಾ ಅಲ್ಲಾ, ಬಿದ್ದೆ, ಹಿಡೀರಿ!" ಎಂದು ನನ್ನ ಕೋಟಿನ ಕಾಲರು ಹಿಡಿದಳು. ನಾನು ಸಂತೋಷಪಟ್ಟೆ. ಇದಕ್ಕೆ ಗುಳಿಗೆ ಬೇಕಿಲ್ಲ. ಕಿವಿಯೊಳಗೆ ಸಮತೋಲ ತಿಳಿಸುವ ಸಣ್ಣ ಹರಳುಗಳಿರುತ್ತವೆ, ಅವು ಜಾಗ ತಪ್ಪಿ ಕೊಳವೆಗೆ ಜಾರಿದರೆ ಹೀಗಾಗುತ್ತದೆ. ತಲೆಯನ್ನು ಕ್ರಮವಾಗಿ ತಿರುಗಿಸಿ ಅವನ್ನು ಮತ್ತೆ ಮನೆಗೆ ಕಳಿಸಬೇಕು. ಸುತ್ತು ನಿಲ್ಲುವವರೆಗೆ ಕಾದೆ. ತಲೆಯನ್ನು ಎಡಕ್ಕೆ ತಂದೆ, ಕಾದೆ. ಮೈಯನ್ನೂ ಎಡಕ್ಕೆ ಹೊರಳಿಸಿ ಮೂಗು ನೆಲ ನೋಡುವಂತೆ ಹಿಡಿದೆ, ಮತ್ತೆ ಕಾದೆ. ನಿಧಾನ ಎಬ್ಬಿಸಿ ಕೂರಿಸಿದೆ. ಸಿಸ್ಟರು ಬೇಸಿನ್ ಹಿಡಿದು ತಯಾರಿದ್ದರು. ಖಾಲಾ ಬೇಸಿನ್ ಬಿಟ್ಟು ನನ್ನ ಚಪ್ಪಲಿ ಆರಿಸಿಕೊಂಡಳು.

"ಮಾಫ್ ಮಾಡ್ರಿ ಬಾಯಿ."

"ಆತು ಬಿಡ್ರಿ" ಎಂದೆ. ಆ ದಿನವೆಲ್ಲ ಒದ್ದೆ ಚಪ್ಪಲಿಯಲ್ಲೇ ರೋಗಿಗಳನ್ನು ನೋಡಿದೆ. ಇನ್ನೊಮ್ಮೆ ಹಾಗೇ ಮಾಡಿದ ಮೇಲೆ ಮನೆ ತಿರುಗುವುದು ನಿಂತಿತು.

ಉಳಿದದ್ದು ಬಸ್ಸು. ಮುಂದಿನ ಸೀಟಿನಲ್ಲಿ ಕೂರಿ, ರಸ್ತೆ ನೋಡಿ, ಕಿಟಕಿ ತೆಗೆದಿಡಿ, ಹೊಟ್ಟೆ ಖಾಲಿಯೂ ಬೇಡ ಬಿರಿಯುವಷ್ಟೂ ಬೇಡ, ಎಂದು ಪಾಠ ಒಪ್ಪಿಸಿದೆ. ಖಾಲಾ ಕೇಳಿ ಮುಗಿಸಿ, "ಮುಂದಿನ ಸೀಟಿನಾಗ ಕಂಡಕ್ಟರ್ ಮಲಾರ ಇಡಗೊಡಂಗಿಲ್ಲ" ಎಂದಳು. ಗಾಜಿನ ಮಾಲು, ಅದರ ಮೇಲೆ ಕೈ ಇಟ್ಟೇ ಕೂರಬೇಕು. ಹಾಗಾಗಿ ಇಷ್ಟು ವರ್ಷ ಆಕೆ ಕೂತದ್ದು ಕೊನೆಯ ಸೀಟಿನಲ್ಲಿ, ಮಲಾರದ ಕಡೆ ಅಡ್ಡ ತಿರುಗಿಕೊಂಡು, ತಗ್ಗು ಬಂದಾಗಲೆಲ್ಲ ಎಗರುತ್ತ. ಆ ಜಾಗದಲ್ಲಿ ಹಾಗೆ ಕೂತರೆ ಡ್ರೈವರನಿಗೂ ವಾಂತಿಯಾಗುತ್ತದೆ. ಸೊಸೆ ಮಲಾರದ ಜೊತೆ ಹಿಂದೆ, ಖಾಲಾ ಮುಂದೆ, ಎಂದು ತೀರ್ಮಾನವಾಯಿತು. ಗಂಡ ಸತ್ತ ಮೇಲೆ ಖಾಲಾ ಮಲಾರದಿಂದ ಕೈ ತೆಗೆದದ್ದೇ ಇಲ್ಲವಂತೆ. ಒಪ್ಪಿಸಲು ಸೊಸೆಗೆ ವಾರ ಹಿಡಿಯಿತು.

ಎಲ್ಲ ಸರಿಹೋಯಿತು ಅಂದುಕೊಂಡಾಗಲೇ ಖಾಲಾ ಮೊದಲಿಗಿಂತ ಬಿಗಿಯಾಗಿ ಬಂದಳು. ಜೊಲ್ಲು ಸುರಿಯುತ್ತಿತ್ತು. ಚಹದ ಲೋಟ ಹಿಡಿಯಲಾಗದೆ ಸೊಸೆಯೇ ಕುಡಿಸಬೇಕಂತೆ.

"ನೀವು ಬಿಡಿಸಿದ ಮ್ಯಾಲ ಇನ್ನಾ ಹೆಚ್ಚಾಗೇದ್ರಿ" ಎಂದಳು ಸೊಸೆ, ಸಿಟ್ಟಿನಲ್ಲೇ. "ಸೋಲಾಪುರದ ದೊಡ್ಡ ದವಾಖಾನಿಗೆ ಒಯ್ಯತೀವಿ. ಇಲ್ಲಾಂದ್ರ ನರದ ಗುಳಗಿನರ ಜಾಸ್ತಿ ಮಾಡ್ರಿ."

ಈ ಸಲ ನಾನು ಔಷಧ ಎಂಬ ಮಾತೇ ಎತ್ತಲಿಲ್ಲ. "ಖಾಲಾ, ಎದ್ದಾಗಿಂದ ಮಲಗೋತನ ಬಾಯಾಗ ಏನೇನ್ ಹಾಕ್ಕೊತೀರಿ, ಎಲ್ಲಾ ಹೇಳ್ರಿ."

ಚಹ, ರೊಟ್ಟಿ, ಎಲೆ, ಅಡಿಕೆ, ಸುಣ್ಣ, ತಂಬಾಕು. ಆಮೇಲೆ, "ಬಸ್ ಸ್ಟ್ಯಾಂಡ್ ಮೆಡಿಕಲ್‌ನವ ಕೊಟ್ಟ ಸಣ್ಣ ಬಿಳಿ ಗುಳಗಿ. ನೀವು ಅದನ್ನ ಬ್ಯಾಡ ಅಂದ್ರಲ್ಲ, ಅದಕ್ಕ ಅವ ಬ್ಯಾರೆ ಕೊಟ್ಟ. ಇದು ಇನ್ನಾ ಚಲೋ ಅಂದ."

ಸೊಸೆ ಆಕೆಯ ಚಂಚಿಯಿಂದ ತೆಗೆದು ತೋರಿಸಿದಳು. ಪ್ರೊಕ್ಲೋರ್‌ಪೆರಜಿನ್. ಅದೂ ತಲೆಸುತ್ತಿನ ಗುಳಿಗೆಯೇ, ನಡುಕ ತರುವುದರಲ್ಲಿ ಮೊದಲಿನದಕ್ಕೆ ಅಣ್ಣ. ಒಂದರ ಹೆಸರು ಹೇಳಿ ಬಿಡಿಸಿದ್ದೆ, ಬಳಗದ ಹೆಸರು ಹೇಳಿರಲಿಲ್ಲ.

ಮಧ್ಯಾಹ್ನದ ಊಟ ಬಿಟ್ಟು ನೇರ ಬಸ್ ನಿಲ್ದಾಣದ ಔಷಧ ಅಂಗಡಿಗೆ ಹೋದೆ. ಬೈಯಬೇಕೆಂದೇ ಹೋದದ್ದು, ಬೈದೆ ಕೂಡ. ಅಂಗಡಿಯವ ಸ್ಟೂಲ್ ಒರೆಸಿ ಕೊಟ್ಟ. "ಒಂದೆರಡು ಬಸ್ ಬಂದು ಹೋಗೋತನ ಕೂಡ್ರಿ ಮೇಡಂ. ಆಮ್ಯಾಲ ಬೇಕಾದ್ರ ಇನ್ನಷ್ಟು ಬೈರಿ."

ಕೂತೆ. ಬಸ್ಸು ಬಂದದ್ದೇ ಕೈಗಳು ಒಳನುಗ್ಗಿದವು. ಎರಡು ಬಸ್ಸಿನ ಗುಳಗಿ, ನಾಲ್ಕು ಬಸ್ಸಿನ ಗುಳಗಿ, ಲಗೂನ ಕೊಡಪಾ. ಅವನು ಕತ್ತರಿಯಿಂದ ಪಟ್ಟಿ ಕತ್ತರಿಸಿ ಕೊಡುತ್ತಲೇ ಇದ್ದ, ಮುಖ ನೋಡಲೂ ಪುರುಸೊತ್ತಿಲ್ಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟ ಹುಡುಗಿಯೊಬ್ಬಳು ಸೊಂಟದ ಕೂಸಿಗೆ ನಿದ್ದೆ ಬರುವ ಸಿರಪ್ ಕೇಳಿದಳು. ಕೂಸಿಗೆ ಇನ್ನೂ ಹಲ್ಲು ಪೂರಾ ಬಂದಿರಲಿಲ್ಲ. ನಾನು ಎದ್ದು ನಿಂತೆ.

"ಎರಡು ವರ್ಷ ಆಗದ ಕೂಸಿಗೆ ಅದನ್ನ ಹಾಕಬ್ಯಾಡವಾ. ನಿದ್ದ್ಯಾಗ ಉಸಿರು ನಿಂತುಬಿಡ್ತದ."

"ರಾತ್ರೆಲ್ಲಾ ಅಳ್ತದರಿ. ಮಂದಿ ಬೈತಾರ."

"ಬೈಲಿ. ಬೈದ್ರ ಕೂಸು ಸಾಯಂಗಿಲ್ಲ."

ಅವಳು ನನ್ನನ್ನೇ ನೋಡಿ, ಸಿರಪ್ ಬಿಟ್ಟು ಬಿಸ್ಕೀಟು ತೆಗೆದುಕೊಂಡು ಹೋದಳು. ಅವಳ ಹಿಂದೆ ಕ್ರೂಸರ್ ಗಾಡಿಯ ಡ್ರೈವರ್, ತಲೆ ಗಿಮ್ಮೆನ್ನುತ್ತದೆ ಎಂದು ಅದೇ ಗುಳಿಗೆ ಕೇಳಿದ. ನಿದ್ದೆ ಬರುತ್ತದಪ್ಪಾ, ನುಂಗಿ ಗಾಡಿ ಹೊಡೆಯಬಾರದು ಎಂದೆ. "ನಿದ್ದಿ ಬಂದ್ರ ಪಕ್ಕದಾಗ ಕುಂತವರು ಎಬ್ಬಸ್ತಾರ್ರಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನ ಗಾಡಿಯಲ್ಲಿ ಹತ್ತಿ ಬಿಡಿಸಲು ಹೊರಟ ಹೆಂಗಸರು ಬಾಗಿಲಿನವರೆಗೆ ತುಂಬಿದ್ದರು.

ಬಸ್ಸು ಹೋದ ಮೇಲೆ ಅಂಗಡಿಯವ ಕತ್ತರಿ ಕೆಳಗಿಟ್ಟು ಬೆವರು ಒರೆಸಿಕೊಂಡ. "ನೋಡಿದ್ರೆಲ್ಲಾ. ಎಲ್ಲರನ್ನೂ ಕೇಳಕೋತ ಕುಂತ್ರ ಬಸ್ ಹೋಗ್ತದ, ಗಿರಾಕಿನೂ ಹೋಗ್ತಾನ."

"ಎಲ್ಲರನ್ನೂ ಬ್ಯಾಡ. ಸಣ್ಣ ಕೂಸಿಗೆ ಕೊಡಬ್ಯಾಡ, ಡ್ರೈವರ್‌ಗೆ ಕೊಡಬ್ಯಾಡ. ತಲಿ ಬೆಳ್ಳಗಾದವರು ಬಂದ್ರ, ದಿನಾ ಬಸ್ ಹತ್ತತೀರೇನು ಅಂತ ಒಂದು ಮಾತು ಕೇಳು. ಹೌದಂದ್ರ ನನ್ನ ಕಡೆ ಕಳಸು."

"ಖಾಲಾಗ?"

"ಖಾಲಾಗ ಚಕ್ಕರ್ ಬಂದ್ರೂ ವಾಂತಿ ಬಂದ್ರೂ ನೀನು ಏನೂ ಕೊಡಬ್ಯಾಡ. ನೀರು ಕುಡಿಸಿ ಕಳಸು."

ಒಪ್ಪಿದ. ಒಪ್ಪಿದ್ದು ಎಷ್ಟು ದಿನ ನಡೆಯುತ್ತದೋ ಎಂದು ಇಬ್ಬರಿಗೂ ಅನುಮಾನವಿತ್ತು. ಅವನಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು.

ಇನ್ನು ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಸೊಸೆಗೆ ಉತ್ತರ ಕೊಡಬೇಕಿತ್ತು. ನರದ ಗುಳಿಗೆ ಹೆಚ್ಚಿಸಿ ಬರೆದುಬಿಟ್ಟರೆ ನನ್ನ ಕೆಲಸ ಹಗುರ, ಯಾರೂ ಯಾಕೆಂದು ಕೇಳುವುದಿಲ್ಲ. ವಯಸ್ಸಾದ ಹೆಂಗಸು, ನಡುಕ, ದೊಡ್ಡ ಊರಿನ ಚೀಟಿ, ಎಲ್ಲ ಹೊಂದುತ್ತದೆ. ಹಾಗೆ ಬರೆಯಲು ಪೆನ್ನು ತೆಗೆದದ್ದೂ ಉಂಟು. ಆದರೆ ಬರೆದ ಮೇಲೆ ಆ ಕೈ ಶಾಶ್ವತವಾಗಿ ರೋಗಿಯ ಕೈ ಆಗುತ್ತದೆ, ಆಮೇಲೆ ಯಾರೂ ಅದನ್ನು ಕಾದು ನೋಡುವುದಿಲ್ಲ. ಪೆನ್ನು ಮುಚ್ಚಿದೆ.

"ಗುಣ ಆಗ್ತದ ಅಂತ ಮಾತು ಕೊಡಂಗಿಲ್ಲ" ಎಂದೆ. "ಆದ್ರ ಬಸ್ಸಿನ ಗುಳಗಿಯ ಬಳಗ ಎಲ್ಲಾ ನಿಲ್ಲಿಸಿ ಚಳಿಗಾಲ ಮುಗಿಯೋತನ ನೋಡೋಣು. ಅಷ್ಟ್ರಾಗ ಆಗಲಿಲ್ಲಂದ್ರ ನಾನೇ ಸೋಲಾಪುರಕ್ಕ ಚೀಟಿ ಬರಕೊಡ್ತೀನಿ."

ಸೊಸೆ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಏನೂ ಓದಲು ಬರುವಂತಿರಲಿಲ್ಲ. "ಆಗಲಿ" ಎಂದಳು ಖಾಲಾ. "ಡಾಕ್ಟರ್ ಬಾಯಿ ಚಪ್ಪಲಿ ಮ್ಯಾಲ ವಾಂತಿ ಮಾಡೀನಿ. ಅಷ್ಟರ ಋಣ ಅದ."

ಹೀಗೆ ಬಸ್ ಹತ್ತದ ಜುಮ್ಮಾ ದಿನ, ಪ್ರತಿ ಶುಕ್ರವಾರ, ಬರತೊಡಗಿದಳು. ಬೆರಳಿಗೆ ಬೆರಳು ಬಡಿಯಿರಿ, ಮುಷ್ಟಿ ತೆಗೆದು ಮುಚ್ಚಿರಿ ಎಂದು ನಾನು ಪುಸ್ತಕದ ಪರೀಕ್ಷೆ ಮಾಡಿದರೆ ಆಕೆಗೆ ನಾಚಿಕೆ. "ಸಣ್ಣ ಹುಡುಗರಂಗ ಇದೇನ್ರಿ?" ಎಂದು, ಮರುವಾರ ಒಂದು ಡಜನ್ ಬಳೆ, ದಾರದ ಉಂಡೆ ತಂದಳು. ಬಳೆಗಳನ್ನು ಜೋಡಿಸಿ ಹಿಡಿದು, ದಾರ ಸುತ್ತಿ, ಗಂಟು ಹಾಕುವುದು. ಅದೇ ಪರೀಕ್ಷೆಯೆಂದು ಇಬ್ಬರೂ ಒಪ್ಪಿಕೊಂಡೆವು. ಆಕೆ ಮೂಲೆಯ ಬೆಂಚಿನಲ್ಲಿ ಕೂತು ಕಟ್ಟುವುದು, ನಾನು ಬೇರೆ ರೋಗಿಗಳನ್ನು ನೋಡುವುದು. ನಡುಗುವ ಕೈಯಲ್ಲಿ ಬಳೆ ಸುಮ್ಮನಿರುವುದಿಲ್ಲ. ಮೊದಲ ವಾರಗಳಲ್ಲಿ ಕಿಣಿಕಿಣಿ ಸದ್ದು ಕೋಣೆ ತುಂಬುತ್ತಿತ್ತು, ಸ್ಟೆತಸ್ಕೋಪು ಕಿವಿಗಿಟ್ಟರೂ ಕೇಳುತ್ತಿತ್ತು. ದಾರ ಜಾರಿ ಬಳೆ ನೆಲಕ್ಕೆ ಬಿದ್ದರೆ ಸಿಸ್ಟರು ಚೂರು ಗುಡಿಸಿ, ಒಂದು ಮಾತೂ ಆಡದೆ ಹೋಗುತ್ತಿದ್ದರು.

ದೀಪಾವಳಿ ಹೋಯಿತು, ತೊಗರಿ ಹೂ ಬಿಟ್ಟಿತು, ಸದ್ದು ಹಾಗೇ ಇತ್ತು. ಬಸ್ಸಿನಲ್ಲಿ ಎರಡು ಸಲ ವಾಂತಿಯಾಗಿ ಖಾಲಾ ವಾರಗಟ್ಟಲೆ ಸಂತೆ ಬಿಟ್ಟಳು. ನರದ ಗುಳಿಗೆ ತಜ್ಞರು ಹೇಳಿದಂತೆ ಇಳಿಸಿ ಇಳಿಸಿ ನಿಲ್ಲಿಸಿದ್ದೆವು. ನನಗೆ ಭಯವಾಗುತ್ತಿತ್ತು. ಒಳಗೆ ಕಾಯಿಲೆಯೇ ಇದ್ದರೆ ಈ ಮುದುಕಿಯ ತಿಂಗಳುಗಳನ್ನು ನಾನು ಹಾಳು ಮಾಡುತ್ತಿದ್ದೆ. ಶುಕ್ರವಾರ ಬರುವುದೇ ಬೇಡವೆನ್ನಿಸುತ್ತಿತ್ತು.

ಚಳಿ ಬಿದ್ದ ಮೇಲೆ ಒಂದು ಶುಕ್ರವಾರ ರೋಗಿಯೊಬ್ಬನ ಎದೆ ಕೇಳುತ್ತಿದ್ದಾಗ ಕೋಣೆ ವಿಪರೀತ ನಿಶ್ಶಬ್ದವಾಗಿದೆ ಅನ್ನಿಸಿತು. ಖಾಲಾ ಇನ್ನೂ ಶುರು ಮಾಡಿಲ್ಲವೇ ಎಂದು ತಿರುಗಿದೆ. ಡಜನ್ ಕಟ್ಟಿ ಮುಗಿದು, ಗಂಟು ಬಿದ್ದು, ಬೆಂಚಿನ ಮೇಲೆ ಕೂತಿತ್ತು. ಖಾಲಾ ನನ್ನನ್ನು ನೋಡಿ ನಕ್ಕಳು. ಹುಬ್ಬು, ಕೆನ್ನೆ, ಕಣ್ಣಿನ ಮೂಲೆ, ಎಲ್ಲ ಸೇರಿ ನಕ್ಕವು. ಆಕೆ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೂ ಕೆಲವು ವಾರ ಸದ್ದು ಬರುತ್ತಿತ್ತು, ಹೋಗುತ್ತಿತ್ತು. ಬಲ ಹೆಬ್ಬೆರಳು ಸುಮ್ಮನಿದ್ದಾಗ ಈಗಲೂ ತುಸು ಅಲುಗುತ್ತದೆ. ಅದನ್ನು ಇನ್ನೂ ನೋಡುತ್ತಿರಬೇಕೆಂದು ತಜ್ಞರು ಹೇಳಿದ್ದಾರೆ. ಆದರೂ ರಂಗಂಪೇಟೆಯಲ್ಲಿ ಯಾರೂ ಆಕೆಯ ಮುಂದೆ ಕೈ ಚಾಚಿರಲಿಲ್ಲ. ಕೈ ವಾಪಸು ಬಂದಿತ್ತು, ಹಿಡಿಯಲು ಮಣಿಕಟ್ಟು ಇರಲಿಲ್ಲ.

ಬಿಸಿಲು ಮತ್ತೆ ಏರುವ ಹೊತ್ತಿಗೆ, ಅದೂ ಶುಕ್ರವಾರವೇ, ಆ ಶಿಕ್ಷಕಿ ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದಳು, ಜೊತೆಗೆ ಅತ್ತೆ. ವರಾಂಡದ ಬೆಂಚಿನಲ್ಲಿ ಖಾಲಾ ಮಲಾರದ ಜೊತೆ ಕೂತಿದ್ದಳು. ಅತ್ತೆ ಮುಖ ತಿರುಗಿಸಿದಳು. ಶಿಕ್ಷಕಿ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ನೇರ ಹೋಗಿ ಖಾಲಾನ ಮುಂದೆ ಕೂತಳು.

"ತೊಟ್ಟಿಲ ಶಾಸ್ತ್ರದ ಹಸಿರು ಬಳಿ ಇನ್ನಾ ಹಾಕ್ಕೊಂಡಿಲ್ಲ ಖಾಲಾ. ಹಾಕ್ರಿ." ಚಾಚಿದ್ದು ನಾನು ಹೊಲಿಗೆ ಹಾಕಿದ ಕೈಯನ್ನೇ. ಗಾಯದ ಗೆರೆ ಬೆಳ್ಳಗೆ ಕಾಣುತ್ತಿತ್ತು.

"ದವಾಖಾನ್ಯಾಗ ಹಾಕ್ಕೊಂತಾರೇನ?" ಎಂದಳು ಅತ್ತೆ.

"ಏನರ ಆದ್ರ ಡಾಕ್ಟರ್ ಇಲ್ಲೇ ಅದಾರಲ್ಲ, ಅತ್ತಿ."

ಸಾಲಿನಲ್ಲಿದ್ದವರು ಕತ್ತು ಚಾಚಿದರು. ನಾನು ಬಾಗಿಲಿಗೆ ಬಂದು ನಿಂತೆ. ಖಾಲಾ ಬಹಳ ಹೊತ್ತು ಆ ಕೈಯನ್ನು ಹಿಡಿದು ಕೂತಿದ್ದಳು. ಆಮೇಲೆ ಅಂಗೈ ಹಿಸುಕಿ ಮೆತ್ತಗೆ ಮಾಡಿ, ಹೆಬ್ಬೆರಳನ್ನು ಒಳಗೆ ಮಡಿಸಿ, ಹಸಿರು ಬಳೆ ಗೆಣ್ಣುಗಳ ಮೇಲಿಟ್ಟು, "ಕೈ ಸಡ್ಲ ಬಿಡು ಬೇಟಿ, ನಿಂದಲ್ಲ ಅನ್ನಂಗ ಬಿಡು" ಎಂದಳು. ಒಂದು ಏರಿತು. ಇನ್ನೊಂದು. ಗಾಯದ ಗೆರೆಯ ಮೇಲೆ ಬಳೆಗಳು ಒಂದರ ಹಿಂದೊಂದು ಬಂದು ಕೂತವು. ಕೊನೆಯದು ಗೆಣ್ಣಿನ ಹತ್ತಿರ ಬಿಗಿಯಿತು. ಖಾಲಾ ಒತ್ತಲಿಲ್ಲ. ತುಸು ತಿರುಗಿಸಿ ಕಾದಳು, ಅದೂ ಜಾರಿ ಒಳಗೆ ಹೋಯಿತು. ಅತ್ತೆ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ನಮ್ಮ ಕೂಸಿಗೂ ಕರಿ ಬಳಿ ಅದಾವೇನು?" ಎಂದಳು, ಯಾರ ಮುಖವನ್ನೂ ನೋಡದೆ.

ಖಾಲಾ ತಲೆಯೆತ್ತಿ ನನ್ನನ್ನು ನೋಡಿದಳು. "ಡಾಕ್ಟರ್ ಬಾಯಿ, ಜೇಬಿನಾಗ ಏನ್ ಹಿಡ್ಕೊಂಡೀರಿ?"

ಕೈ ಹೊರಗೆ ತೆಗೆದೆ. ಬಾಗಿಲಿಗೆ ಬರುವಾಗ ಮೇಜಿನಿಂದ ಎತ್ತಿಕೊಂಡಿದ್ದ ಹತ್ತಿ ಮತ್ತು ಪಟ್ಟಿ ಬೆವರಿನಲ್ಲಿ ನೆನೆದು ಮುದ್ದೆಯಾಗಿದ್ದವು.

"ಇಲ್ಲಿ ಬರ್ರಿ" ಎಂದು ಖಾಲಾ ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿ, ಆ ಮುದ್ದೆ ಬಿಡಿಸಿ ತೆಗೆದು, ಅಂಗೈ ಹಿಸುಕತೊಡಗಿದಳು. "ಸಡ್ಲ ಬಿಡ್ರಿ."

ಸಾಲು ಬೇವಿನ ಮರದವರೆಗೆ ಇತ್ತು. ನಾನು ಕೈ ಸಡಿಲ ಬಿಟ್ಟೆ.